ಅಣ್ಣನ ಋಣ ಬೇರೆ, ನಾಮಿನಿ ಕಾಲಂ ಬೇರೆ

ವಿರಾಜಪೇಟೆ ಕಡೆಯ ಓದುಗರೊಬ್ಬರು ಮೂರು ಪುಟದ ಪತ್ರ ಬರೆದಿದ್ದಾರೆ. ಸರ್ಕಾರಿ ಕಚೇರಿಯೊಂದರಲ್ಲಿ ಪ್ರಥಮ ದರ್ಜೆ ಸಹಾಯಕರು. ಇನ್ನೆರಡು ವರ್ಷಕ್ಕೆ ನಿವೃತ್ತಿ. 1992ರಲ್ಲಿ ಕೆಲಸಕ್ಕೆ ಸೇರಿದಾಗ ಅವರಿಗೆ ಮದುವೆ ಆಗಿರಲಿಲ್ಲ. ತಂದೆ ತೀರಿಕೊಂಡ ಮೇಲೆ ಸಾಕಿ ಓದಿಸಿದ್ದು ಅಣ್ಣ. ಹಾಗಾಗಿ ಜಿಪಿಎಫ್ (ಸರ್ಕಾರಿ ನೌಕರರ ಪ್ರಾವಿಡೆಂಟ್ ಫಂಡ್), ಗ್ರಾಚ್ಯುಟಿ (ಸೇವೆಯ ಕೊನೆಗೆ ಸಿಗುವ ಇಡಿಗಂಟು), ಕೆಜಿಐಡಿ (ರಾಜ್ಯ ಸರ್ಕಾರಿ ನೌಕರರ ವಿಮೆ) ಎಲ್ಲದಕ್ಕೂ ಅಣ್ಣನ ಹೆಸರನ್ನೇ ನಾಮಿನಿ ಎಂದು ಬರೆದರು. ಆಮೇಲೆ ಮದುವೆ ಆಯಿತು, ಇಬ್ಬರು ಹೆಣ್ಣುಮಕ್ಕಳಾದರು, ಹೆಸರು ಮಾತ್ರ ಹಾಗೇ ಉಳಿಯಿತು. ಈಗ ಪಿಂಚಣಿ ಕಾಗದ ಸಿದ್ಧಮಾಡುವಾಗ ಹೆಂಡತಿಗೆ ಗೊತ್ತಾಗಿದೆ. "ನನ್ನ ದುಡಿಮೆ, ನನ್ನ ಇಷ್ಟ. ಇಷ್ಟು ವರ್ಷ ಸಂಸಾರ ಮಾಡಿದವಳಿಗೆ ಒಂದು ಹೆಸರಿಗಾಗಿ ನನ್ನ ಮೇಲೆ ಅನುಮಾನವೇ? ಅಣ್ಣನ ಹೆಸರು ತೆಗೆದರೆ ಋಣ ಮರೆತ ಹಾಗೆ ಆಗುವುದಿಲ್ಲವೇ?" ಎಂದು ಕೇಳಿದ್ದಾರೆ.

ಮಾನ್ಯರೇ, ನಿಮ್ಮ ಕೃತಜ್ಞತೆ ದೊಡ್ಡದು. ಓದಿಸಿದ ಅಣ್ಣನನ್ನು ಮುವತ್ತು ವರ್ಷ ಕಳೆದರೂ ನೆನೆಯುವವರು ಎಷ್ಟು ಜನ ಇದ್ದಾರೆ? ಅದಕ್ಕೆ ನನ್ನ ನಮಸ್ಕಾರ. ಆದರೆ ಪತ್ರದ ಉಳಿದ ಭಾಗಕ್ಕೆ ನಾನು ನಿಮ್ಮ ಹೆಂಡತಿಯ ಪಕ್ಷ. ಅವರು ಅನುಮಾನ ಪಡುತ್ತಿಲ್ಲ. ತಮ್ಮ ಮುಂದಿನ ದಿನಗಳ ಬಗ್ಗೆ ಒಂದು ಪ್ರಶ್ನೆ ಕೇಳಿದ್ದಾರೆ. ಅದಕ್ಕೆ ಉತ್ತರ ಕೊಡುವ ಬದಲು ನೀವು ಮುನಿಸಿಕೊಂಡಿದ್ದೀರಿ.

ಮೊದಲು ಆ ಹೆಸರಿಗೆ ಎಷ್ಟು ಬೆಲೆ ಇದೆ ನೋಡೋಣ. ನಮ್ಮ ಜಮ್ಮ ಜಾಗದ, ಅಂದರೆ ಮನೆತನಕ್ಕೆ ತಲೆತಲಾಂತರದಿಂದ ಬಂದ ಜಮೀನಿನ, ದಾಖಲೆಯಲ್ಲಿ ಪಟ್ಟೆದಾರ ಎಂದು ಒಕ್ಕದ (ಮನೆತನದ) ಹಿರಿಯರೊಬ್ಬರ ಹೆಸರು ಇರುತ್ತದೆ ಅಲ್ವಾ? ಕಂದಾಯ ಅವರ ಹೆಸರಲ್ಲಿ, ನೋಟಿಸು ಬಂದರೂ ಅವರ ಹೆಸರಿಗೆ. ಹಾಗಂತ ಗದ್ದೆ ಅವರೊಬ್ಬರದೇ ಎಂದು ಕೊಡಗಿನಲ್ಲಿ ಯಾರೂ ಹೇಳುವುದಿಲ್ಲ, ಒಕ್ಕದ ಎಲ್ಲರಿಗೂ ಪಾಲಿದೆ. ನಾಮಿನಿಯೂ ಹೆಚ್ಚುಕಡಿಮೆ ಹಾಗೆಯೇ. 1984ರಲ್ಲಿ ಸರ್ಬತಿ ದೇವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು. ವಿಮೆ ಹಣವನ್ನು ನಾಮಿನಿ ಕೈಗೆ ಕೊಡಬಹುದು, ಆದರೆ ಹಣ ವಾರಸುದಾರರದು. ಮುಂದೆ 2015ರಲ್ಲಿ ವಿಮಾ ಕಾಯ್ದೆಗೆ ತಿದ್ದುಪಡಿ ಬಂದು ತಂದೆ ತಾಯಿ, ಗಂಡ ಹೆಂಡತಿ, ಮಕ್ಕಳು ನಾಮಿನಿಯಾಗಿದ್ದರೆ ಅವರಿಗೇ ಹಕ್ಕು ಎಂದಾಯಿತು. ಆ ಪಟ್ಟಿಯಲ್ಲೂ ಅಣ್ಣ ತಮ್ಮಂದಿರು ಇಲ್ಲ.

ಪ್ರಾವಿಡೆಂಟ್ ಫಂಡ್ ವಿಷಯದಲ್ಲಿ 2009ರ ತೀರ್ಪು ಒಂದಿದೆ. ಬ್ಯಾಂಕ್ ನೌಕರರೊಬ್ಬರು ಮದುವೆಗೆ ಮುಂಚೆ ತಾಯಿಯ ಹೆಸರು ಬರೆದಿದ್ದರು. ಮದುವೆಯಾದ ಮೇಲೆ ಬದಲಿಸಲಿಲ್ಲ. ಅವರು ತೀರಿಕೊಂಡದ್ದು 1990ರಲ್ಲಿ. ನಾಮಿನಿ ಹಣ ಪಡೆಯುವವರು ಮಾತ್ರ, ಹಂಚಿಕೆ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಆಗಬೇಕು, ಹೆಂಡತಿಗೂ ಪಾಲಿದೆ ಎಂದು ಸುಪ್ರೀಂ ಕೋರ್ಟ್ ಹೇಳುವಷ್ಟರಲ್ಲಿ ಸುಮಾರು ಹತ್ತೊಂಬತ್ತು ವರ್ಷ ಕಳೆದಿತ್ತು. ಆ ಹೆಂಗಸು ಕೊನೆಗೆ ಗೆದ್ದರು ನಿಜ. ಆ ಹತ್ತೊಂಬತ್ತು ವರ್ಷ ಅವರು ಹೇಗೆ ಬದುಕಿದರು?

ನಿಮ್ಮ ವಿಷಯದಲ್ಲಂತೂ ಅಷ್ಟು ದೂರ ಹೋಗಬೇಕಾಗಿಯೇ ಇಲ್ಲ. ಸರ್ಕಾರಿ ನೌಕರನಿಗೆ ಕುಟುಂಬ ಇದ್ದರೆ ಜಿಪಿಎಫ್, ಗ್ರಾಚ್ಯುಟಿಗೆ ಕುಟುಂಬದವರ ಹೆಸರನ್ನೇ ಬರೆಯಬೇಕು. ಆ ನಿಯಮಗಳು ಹೇಳುವ ಕುಟುಂಬದಲ್ಲಿ ವಯಸ್ಕ ಅಣ್ಣ ಬರುವುದಿಲ್ಲ. ಮದುವೆಗೆ ಮುಂಚೆ ಬೇರೆಯವರ ಹೆಸರು ಕೊಟ್ಟಿದ್ದರೆ, ಮದುವೆಯಾದ ಮೇಲೆ ಅದು ಊರ್ಜಿತವಲ್ಲ. ಯಾವ ಸಂದರ್ಭದಲ್ಲಿ ನಾಮನಿರ್ದೇಶನ ಅಸಿಂಧುವಾಗುತ್ತದೆ ಎಂದು ಬರೆಯಲು ಜಿಪಿಎಫ್ ಫಾರಂನಲ್ಲೇ ಒಂದು ಕಾಲಂ ಇದೆ. ಬೇರೆಯವರ ಫಾರಂ ತುಂಬಿಸುವುದೇ ನಿಮ್ಮ ಕೆಲಸ. ನಿಮ್ಮದೇ ಫಾರಂನ ಆ ಕಾಲಂ ಒಮ್ಮೆ ಓದಿ ನೋಡಿ. ಇಷ್ಟು ವರ್ಷ ನೀವು ಅಣ್ಣನಿಗೆಂದು ಕಾಪಾಡಿಕೊಂಡು ಬಂದದ್ದು ಮದುವೆಯ ದಿನವೇ ಬಲ ಕಳೆದುಕೊಂಡ ಒಂದು ಹೆಸರನ್ನು. ಅದರಿಂದ ಅಣ್ಣನಿಗೆ ದುಡ್ಡು ಸಿಗುವುದಿಲ್ಲ, ಹೆಂಡತಿಗೆ ಅಲೆದಾಟ ಮಾತ್ರ ಸಿಗುತ್ತದೆ.

ಇನ್ನು "ನನ್ನ ದುಡಿಮೆ" ಎಂಬ ಮಾತು. ಜಿಪಿಎಫ್ ನಿಮ್ಮ ಸಂಬಳದಿಂದ ಹೋದ ದುಡ್ಡು, ಸರಿ. ಆದರೆ ಕುಟುಂಬ ಪಿಂಚಣಿ? ನಮ್ಮ ರಾಜ್ಯದಲ್ಲಿ ಅದು ಕೊನೆಯ ಮೂಲ ವೇತನದ ಶೇ 30. ಅದಕ್ಕೆ ನೀವು ಒಂದು ರೂಪಾಯಿಯೂ ಕಟ್ಟಿಲ್ಲ. 1991ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಬಂದ ರೈಲ್ವೆ ನೌಕರರ ಪ್ರಕರಣ ನಿಮ್ಮದಕ್ಕೆ ತುಂಬ ಹತ್ತಿರ. ಅವರು ಎಲ್ಲವನ್ನೂ ಸಹೋದರನಿಗೆ ಉಯಿಲು ಬರೆದಿದ್ದರು. ಕುಟುಂಬ ಪಿಂಚಣಿ ನೌಕರನ ಆಸ್ತಿಯೇ ಅಲ್ಲ, ಅದನ್ನು ಉಯಿಲಿನಲ್ಲಿ ಕೊಡಲು ಬರುವುದಿಲ್ಲ, ಅದು ನಿಯಮದಂತೆ ಹೆಂಡತಿ ಮಕ್ಕಳಿಗೆ ಸಲ್ಲಬೇಕು ಎಂದು ನ್ಯಾಯಾಲಯ ಹೇಳಿತು. ಮನೆ ನಡೆಸಿ, ಮಕ್ಕಳನ್ನು ಬೆಳೆಸಿ, ನಿಮ್ಮನ್ನು ದಿನಾ ಬೆಳಿಗ್ಗೆ ಬಸ್ಸಿಗೆ ಕಳಿಸಿದವರಿಗೆ ಸರ್ಕಾರ ನೇರವಾಗಿ ಕೊಡುವ ದುಡ್ಡು ಅದು. ಅದರಲ್ಲಿ ನಿಮ್ಮ ಇಷ್ಟದ ಮಾತೇ ಬರುವುದಿಲ್ಲ.

ಹಕ್ಕು ಗಟ್ಟಿಯಾಗಿದೆ, ಹಾಗಾದರೆ ಹೆಸರು ಬದಲಿಸುವುದು ಯಾಕೆ ಎಂದು ಕೇಳಬಹುದು. ಹಕ್ಕು ಇರುವುದು ಪುಸ್ತಕದಲ್ಲಿ, ದುಡ್ಡು ಇರುವುದು ಟೇಬಲ್ಲಿನ ಆಚೆ ಕಡೆ. ನನಗೆ ಗೊತ್ತಿರುವ ಒಬ್ಬ ಹೆಂಗಸಿದ್ದಾರೆ, ಗಂಡ ಸರ್ಕಾರಿ ವಾಹನದ ಚಾಲಕರಾಗಿದ್ದರು. ಸೇವಾ ಪುಸ್ತಕದಲ್ಲಿ ಇವರ ಹೆಸರೇ ಇರಲಿಲ್ಲ, ನಾಮಿನಿ ಜಾಗದಲ್ಲಿ ಅತ್ತೆಯ ಹೆಸರು, ಅತ್ತೆ ಮೊದಲೇ ತೀರಿಹೋಗಿದ್ದರು. ನಾಡಕಚೇರಿಯಿಂದ ವಂಶವೃಕ್ಷ ತನ್ನಿ ಎಂದರು, ತಂದರು. ಜೀವಂತ ಸದಸ್ಯರ ಪತ್ರ ಬೇಕು ಎಂದರು, ತಂದರು. ಆಮೇಲೆ ಕೋರ್ಟಿನಿಂದ ಉತ್ತರಾಧಿಕಾರ ಪತ್ರವೇ ಬೇಕೆಂದರು. ವಕೀಲರ ಫೀಸು, ಪೇಪರಿನಲ್ಲಿ ಪ್ರಕಟಣೆ, ವಾಯಿದೆ ಮೇಲೆ ವಾಯಿದೆ. ಜಡಿಮಳೆಯಲ್ಲಿ ಎರಡು ಬಸ್ಸು ಬದಲಿಸಿ ಮಡಿಕೇರಿಗೆ ಬಂದರೆ "ಕೇಸ್‌ವರ್ಕರ್ ರಜೆ, ಸೋಮವಾರ ಬನ್ನಿ" ಎಂಬ ಉತ್ತರ. ಅವರು ನನ್ನೆದುರು ಅತ್ತದ್ದು ದುಡ್ಡಿಗಲ್ಲ. "ನಾನು ಅವರ ಹೆಂಡತಿ ಹೌದೋ ಅಲ್ಲವೋ ಅಂತ ಎಷ್ಟು ಜನರಿಗೆ ಹೇಳಲಿ" ಎಂದರು. ಇದನ್ನು ಕೇಳಿದ ಮೇಲೆ ನಾನು ಈ ವಿಷಯದಲ್ಲಿ ಸುಮ್ನೆ ಇರಲಾರೆ.

ಈ ತಪ್ಪು ಒಬ್ಬ ಚಾಲಕನದಷ್ಟೇ ಅಲ್ಲ. ನಮ್ಮ ಕಡೆ ಗಂಡಸರು ಕಾಗದಪತ್ರವನ್ನೆಲ್ಲ ಬೀರುವಿನಲ್ಲಿಟ್ಟು ಬೀಗದ ಕೈ ಜೇಬಿಗೆ ಹಾಕಿಕೊಳ್ಳುತ್ತಾರೆ. ಕೆಜಿಐಡಿ ಬಾಂಡ್ ಎಲ್ಲಿದೆ, ಎಷ್ಟು ಸಾಲ ತೆಗೆದಿದೆ, ಬ್ಯಾಂಕಿನಲ್ಲಿ ಯಾರ ಹೆಸರಿದೆ, ಯಾವುದೂ ಮನೆಯವರಿಗೆ ತಿಳಿಯುವುದಿಲ್ಲ. ಕೇಳಿದರೆ "ಬಿಡ್ತು ಅನ್ನು, ಈಗಲೇ ಯಾಕೆ ಆ ಮಾತು" ಎನ್ನುತ್ತಾರೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಜಾರಿದಾಗ ಮಕ್ಕಂದೂರು, ಜೋಡುಪಾಲ ಕಡೆ ಮನೆಗಳೇ ಹೋದವು. ಆಮೇಲೆ ಪರಿಹಾರ ಕೇಂದ್ರಗಳಲ್ಲಿ ಜನ ಕಳೆದುಹೋದ ಕಾಗದಗಳಿಗಾಗಿ ಸಾಲು ನಿಂತರು. ಪ್ರತಿ ಮಳೆಗಾಲಕ್ಕೂ ಎದೆ ಹಿಡಿದುಕೊಂಡು ಕೂರುವ ಜಿಲ್ಲೆಯಲ್ಲಿ ಒಬ್ಬರಿಗೆ ಮಾತ್ರ ಗೊತ್ತಿರುವ ಒಂದೇ ಪ್ರತಿ ಇಟ್ಟುಕೊಳ್ಳುವುದು ಸರಿಯೇ?

ಇಲಾಖೆಗಳ ಮೇಲೂ ನನಗೆ ಸಿಟ್ಟಿದೆ. ವಾರ್ಷಿಕ ವೇತನ ಬಡ್ತಿಯನ್ನು ಸೇವಾ ಪುಸ್ತಕದಲ್ಲಿ ವರ್ಷ ವರ್ಷ ಬರೆಯುತ್ತಾರೆ. ಅದೇ ದಿನ "ನಾಮಿನಿ ಸರಿಯಿದೆಯೇ, ಮದುವೆಯಾಯಿತೇ, ಮಗು ಹುಟ್ಟಿತೇ" ಎಂದು ಒಂದು ಮಾತು ಕೇಳಿ ಸಹಿ ಹಾಕಿಸಿಕೊಳ್ಳಲು ಎಷ್ಟು ಹೊತ್ತು ಬೇಕು? ಕೇಳುವುದಿಲ್ಲ. ಸಾವು ಆದ ಮೇಲೆ ಮಾತ್ರ ಎಲ್ಲ ನಿಯಮಗಳೂ ನೆನಪಾಗುತ್ತವೆ. 2006ರ ಏಪ್ರಿಲ್ 1ರಿಂದ ಈಚೆಗೆ ರಾಜ್ಯ ಸರ್ಕಾರಿ ಕೆಲಸಕ್ಕೆ ಸೇರಿ ಎನ್‌ಪಿಎಸ್‌ನಲ್ಲಿರುವ (ಹೊಸ ಪಿಂಚಣಿ ಯೋಜನೆಯಲ್ಲಿರುವ) ಹುಡುಗ ಹುಡುಗಿಯರ ಗತಿಯೂ ಬೇರೆಯಲ್ಲ. ಸೇರುವಾಗ ಅಪ್ಪನ ಹೆಸರು ಕೊಟ್ಟಿರುತ್ತಾರೆ, ಆಮೇಲೆ ಆ ಖಾತೆಯ ಕಡೆ ನೋಡುವುದೇ ಇಲ್ಲ. ನೌಕರಿಯಲ್ಲಿರುವ ಹೆಣ್ಣುಮಕ್ಕಳೂ ಇದನ್ನು ಓದಲಿ. ಗಂಡನ ಮೇಲೆ ವಿಚ್ಛೇದನದ ಅಥವಾ ಕೌಟುಂಬಿಕ ದೌರ್ಜನ್ಯದ ಪ್ರಕರಣ ನಡೆಯುತ್ತಿದ್ದರೆ, ಕುಟುಂಬ ಪಿಂಚಣಿಯಲ್ಲಿ ಗಂಡನಿಗಿಂತ ಮುಂಚೆ ಮಕ್ಕಳಿಗೆ ಕೊಡಿ ಎಂದು ಬರೆದುಕೊಡಲು ಕೇಂದ್ರ ಸರ್ಕಾರಿ ನೌಕರಿಯ ಮಹಿಳೆಯರಿಗೆ 2024ರಿಂದ ಅವಕಾಶ ಬಂದಿದೆ. ಬರಬೇಕಾದ್ದೇ, ಬಹಳ ತಡವಾಗಿ ಬಂತು.

ನಿಮ್ಮ ಪತ್ರದ ಕೊನೆಯಲ್ಲಿ "ಹೆಣ್ಣುಮಕ್ಕಳು ಹೇಗೂ ಮದುವೆಯಾಗಿ ಹೋಗುವವರು" ಎಂಬ ಸಾಲಿದೆ. ಆ ಸಾಲು ನನಗೆ ಜಾಸ್ತಿ ನೋವು ಕೊಟ್ಟಿತು. ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಹೆಂಡತಿ, ಮಗ, ಮಗಳು, ತಾಯಿ ಒಂದೇ ಸಾಲಿನಲ್ಲಿ ಇದ್ದಾರೆ. 1956ರಿಂದಲೂ ಹಾಗೇ ಇದೆ. ಮಗಳಿಗೆ ಮದುವೆಯಾದರೂ ಆ ಜಾಗ ಹೋಗುವುದಿಲ್ಲ. ಈ ಸಾಲಿನಲ್ಲಿ ಒಬ್ಬರಿದ್ದರೂ ಅಣ್ಣನ ಸರದಿ ಬರುವುದಿಲ್ಲ. (ಮುಸ್ಲಿಂ, ಕ್ರೈಸ್ತ ಓದುಗರಿಗೆ ಅವರವರ ಉತ್ತರಾಧಿಕಾರ ಕಾನೂನು ಅನ್ವಯಿಸುತ್ತದೆ, ವಕೀಲರನ್ನು ಕೇಳಿಕೊಳ್ಳಿ.)

ಅಣ್ಣನ ಋಣ ತೀರಿಸಬೇಕೇ? ಖಂಡಿತ ತೀರಿಸಿ. ಅವರು ಬದುಕಿರುವಾಗಲೇ, ನಿಮ್ಮ ಕೈಯಾರೆ, ಹೆಂಡತಿಗೆ ಹೇಳಿ ಕೊಡಿ. ನಿವೃತ್ತಿ ಹಣ ಕೈಗೆ ಬಂದ ಮೇಲೆ ಒಂದು ಭಾಗವನ್ನು ಅಣ್ಣನ ಹೆಸರಲ್ಲಿ ಠೇವಣಿ ಇಡಿ. ನಿಮಗಿಂತ ಹಿರಿಯರಾದ ಅವರಿಗೆ ಈಗಲೇ ಆಸ್ಪತ್ರೆ, ಔಷಧಿ ಖರ್ಚು ಇರುತ್ತದೆ. ನೀವು ಸತ್ತ ಮೇಲೆ ಸಿಗಲಿ ಎಂದು ಬರೆದಿಟ್ಟ ದುಡ್ಡಿನಿಂದ ಅವರಿಗೇನು ಉಪಯೋಗ?

ಈಗ ಮಾಡಬೇಕಾದ್ದು ಹೇಳುತ್ತೇನೆ. ಜಿಪಿಎಫ್, ಗ್ರಾಚ್ಯುಟಿ, ಕೆಜಿಐಡಿ, ಗುಂಪು ವಿಮೆ, ಬ್ಯಾಂಕ್ ಖಾತೆ ಎಲ್ಲಕ್ಕೂ ಫಾರಂ ಬೇರೆ ಬೇರೆ. ಒಂದರಲ್ಲಿ ಬದಲಿಸಿದರೆ ಇನ್ನೊಂದರಲ್ಲಿ ಬದಲಾಗುವುದಿಲ್ಲ. ಹೆಂಡತಿಯ ಮತ್ತು ಇಬ್ಬರು ಮಕ್ಕಳ ಹೆಸರು, ಪಾಲು ಎಷ್ಟೆಷ್ಟು ಎಂದು ಸ್ಪಷ್ಟವಾಗಿ ಬರೆಯಿರಿ. ನಾಮಿನಿ ಮೊದಲೇ ತೀರಿಕೊಂಡರೆ ಯಾರಿಗೆ ಎಂಬ ಕಾಲಂ ಖಾಲಿ ಬಿಡಬೇಡಿ. ಹೆಂಡತಿಯ ಹೆಸರು ಆಧಾರ್‌ನಲ್ಲಿ, ಸೇವಾ ಪುಸ್ತಕದಲ್ಲಿ, ಪಿಂಚಣಿ ಅರ್ಜಿಯಲ್ಲಿ ಒಂದೇ ತರಹ ಇದೆಯೇ ನೋಡಿ. ತವರಿನ ಮನೆ ಹೆಸರು ಒಂದು ಕಡೆ, ನಿಮ್ಮ ಮನೆ ಹೆಸರು ಇನ್ನೊಂದು ಕಡೆ ಇದ್ದು ಕಷ್ಟಪಟ್ಟವರು ನಮ್ಮ ಜಿಲ್ಲೆಯಲ್ಲಿ ತುಂಬ ಜನ ಇದ್ದಾರೆ. ಫಾರಂ ಕೊಟ್ಟ ಮೇಲೆ ಪ್ರತಿಗೆ ತಾರೀಖು, ಮೊಹರು ಹಾಕಿಸಿಕೊಳ್ಳಿ, ಸೇವಾ ಪುಸ್ತಕದಲ್ಲಿ ನಮೂದಾಗುವುದನ್ನು ಕಣ್ಣಾರೆ ನೋಡಿ. ಒಂದು ಪ್ರತಿ ಹೆಂಡತಿಯ ಕೈಗೆ ಕೊಡಿ, ಇನ್ನೊಂದು ದೊಡ್ಡ ಮಗಳಿಗೆ. ಆದಮೇಲೆ ನನಗೆ ಎರಡು ಸಾಲು ಬರೆಯಿರಿ. ಈ ಸಲದ ಪತ್ರವನ್ನು ನಿಮ್ಮ ಹೆಂಡತಿಯೇ ಬರೆದರೆ ಇನ್ನೂ ಸಂತೋಷ, ಅದನ್ನೂ ಇದೇ ಪುಟದಲ್ಲಿ ಹಾಕುತ್ತೇನೆ.

— ಸಂಪಾದಕ