ಮಧ್ಯಾಹ್ನ ಮೂರು ಗಂಟೆಯ ಬೆಕ್ಕು

(ಮನೆಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ವಯಸ್ಸು, ಕೆಲಸ, ಬಡಾವಣೆ ಬದಲಿಸಿದ್ದೇನೆ.)

ನಾನು ಆಪ್ತ ಸಮಾಲೋಚಕಿ. ಈ ಮನೆಯವರು ನನ್ನ ಹತ್ತಿರ ಬಂದಿದ್ದು ಅತ್ತೆ-ಸೊಸೆ ಜಗಳ ಅಂತ. ಮೈಸೂರಿನ ಕುವೆಂಪುನಗರದಲ್ಲಿ ಮನೆ, ಮೊದಲ ಮಹಡಿ. ಗಂಡನಿಗೆ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ, ಹೆಂಡತಿಗೆ ಬ್ಯಾಂಕು. ಮಗಳಿಗೆ 9 ವರ್ಷ. ಮಾವ ತೀರಿಕೊಂಡ ಮೇಲೆ ಅತ್ತೆ ಮಂಡ್ಯದ ಕಡೆಯ ಹಳ್ಳಿಯಿಂದ ಬಂದು ಎಂಟು ತಿಂಗಳಾಗಿತ್ತು. ಅರ್ಧ ಗಂಟೆ ಮಾತಾಡಿದ ಮೇಲೆ ಗೊತ್ತಾಯಿತು, ಜಗಳ ಶುರುವಾಗಿದ್ದು ಇನ್ನೂ ಮನೆಗೇ ಬಾರದ ಒಂದು ಬೆಕ್ಕಿನಿಂದ.

ಮಗಳಿಗೆ ಪರ್ಷಿಯನ್ ಮರಿ ಬೇಕು. ಅಪ್ಪ ಫೋನಿನಲ್ಲಿ ವಿಡಿಯೋ ನೋಡಿ 3000 ರೂಪಾಯಿ ಅಡ್ವಾನ್ಸೂ ಕೊಟ್ಟಾಗಿದೆ. "ಅದು ಬಂದ್ರೆ ನಾನು ಊರಿಗೆ ಹೋಯ್ತೀನಿ" ಅಂತ ಅತ್ತೆ. "ಹೋಗ್ಲಿ ಬಿಡಿ ಮೇಡಂ" ಅಂತ ಸೊಸೆ, ಅತ್ತೆಗೆ ಕೇಳಿಸುವ ಹಾಗೇ.

ನಾಲ್ವರಿಗೂ ಒಂದೊಂದು ಚೀಟಿ ಕೊಟ್ಟೆ. ಬೆಕ್ಕು ಬಂತು ಅಂದ್ಕೊಳ್ಳಿ. ಮಧ್ಯಾಹ್ನ ಮೂರು ಗಂಟೆಗೆ ಅದು ಎಲ್ಲಿರುತ್ತೆ, ಏನ್ ಮಾಡ್ತಿರುತ್ತೆ? ಬರೀರಿ ಅಂದೆ. ಮಗಳು ಬರೆದಳು: ನನ್ನ ತೊಡೆ ಮೇಲೆ. ಸೊಸೆ: ಸೋಫಾ ಪರಚುತ್ತಿರುತ್ತೆ. ಗಂಡ ಪೆನ್ನು ತಿರುಗಿಸುತ್ತಾ ಕೂತರು, ಚೀಟಿ ಖಾಲಿ. ಅತ್ತೆ ಬರೆಯಲಿಲ್ಲ, ಬಾಯಲ್ಲೇ ಹೇಳಿದರು. "ಮೂರು ಗಂಟೇಲಿ ಮಲಗಿರುತ್ತೆ. ಬೆಕ್ಕು ಇನ್ನೇನ್ ಮಾಡೀತು?"

ಸರಿಯಾದ ಉತ್ತರ ಅದೊಂದೇ. ಬೆಕ್ಕು ದಿನದ ಅರ್ಧಕ್ಕಿಂತ ಜಾಸ್ತಿ ಹೊತ್ತು ನಿದ್ದೆಯಲ್ಲೇ ಕಳೆಯುತ್ತೆ. ಮಗಳು ಸ್ಕೂಲಿನಿಂದ ಬರುವುದೇ ನಾಲ್ಕಕ್ಕೆ. ಅಂದರೆ ಬೆಳಿಗ್ಗೆ ಒಂಬತ್ತರಿಂದ ನಾಲ್ಕರವರೆಗೆ ಆ ಬೆಕ್ಕಿನ ಜೊತೆ ಇರುವವರು ಅಜ್ಜಿ ಒಬ್ಬರೇ. ಅವರನ್ನೇ ಯಾರೂ ಕೇಳಿರಲಿಲ್ಲ, ಅಲ್ವಾ?

ಮುಂದಿನ ವಾರ ಅವರನ್ನು ಒಬ್ಬರನ್ನೇ ಕೂರಿಸಿಕೊಂಡೆ. ಸೆರಗಿನ ತುದಿಯನ್ನು ಸುತ್ತುವುದು, ಬಿಚ್ಚುವುದು, ಮತ್ತೆ ಸುತ್ತುವುದು. ಆಮೇಲೆ ಹೇಳಿದರು. "ಊರಲ್ಲಿ ಒಂದಿತ್ತು ಕಣವ್ವ. ಬೀಗ ಹಾಕ್ಕಂಡು ಬರೋವಾಗ ಅಟ್ಟದ ಮೇಲಿತ್ತು. ಕರುದ್ರೂ ಇಳೀಲಿಲ್ಲ."

ನಾನು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಹೊರಗೆ ಕೂತಿದ್ದ ಮಗನಿಗೆ ಈ ವಿಷಯ ಗೊತ್ತೇ ಇರಲಿಲ್ಲವಂತೆ.

ಮೂರನೇ ಸಲ ಎಲ್ಲರೂ ಒಟ್ಟಿಗೆ ಕೂತಾಗ ಮರಿ ಬೇಡ, ಪರ್ಷಿಯನ್ನೂ ಬೇಡ ಅಂತ ನೇರವಾಗಿ ಹೇಳಿದೆ. ಸಾಮಾನ್ಯವಾಗಿ ನಾನು ಹಾಗೆ ತೀರ್ಪು ಕೊಡುವುದಿಲ್ಲ. ಆದರೆ ಪರ್ಷಿಯನ್ ಕೂದಲನ್ನು ದಿನಾ ಬಾಚಬೇಕು, ಇಲ್ಲದಿದ್ದರೆ ಗಂಟು ಕಟ್ಟುತ್ತೆ. ಚಪ್ಪಟೆ ಮುಖದ್ದಾದರೆ ಕಣ್ಣಲ್ಲಿ ನೀರು, ಅದನ್ನೂ ಒರೆಸುತ್ತಿರಬೇಕು. ಬೆರಳ ಗಂಟು ಊದಿರುವ ಅಜ್ಜಿ ಇದನ್ನೆಲ್ಲ ಮಾಡೋಕಾಗುತ್ತಾ? ಮರಿಯಂತೂ ಕಾಲಿಗೆ ಅಡ್ಡ ಓಡುತ್ತೆ. ಎಪ್ಪತ್ತು ದಾಟಿದವರು ಎಡವಿ ಬಿದ್ದರೆ ಸುಮ್ನೆ ಅಲ್ಲ. ಇನ್ನೊಂದು ಲೆಕ್ಕವನ್ನೂ ಹಾಕಿ ತೋರಿಸಿದೆ. ಮನೆಯೊಳಗೇ ಸಾಕಿದ ಬೆಕ್ಕು 15 ವರ್ಷ ಬಾಳಬಹುದು. ಆಗ ಮಗಳಿಗೆ 24. ಅವಳು ಮೈಸೂರಲ್ಲೇ ಇರ್ತಾಳಾ?

ನಾನು ಹೇಳಿದ್ದು ಇಷ್ಟು: ನಮ್ಮ ನಾಡಿನದೇ ಗಿಡ್ಡ ಕೂದಲಿನ ಬೆಕ್ಕು, ಎರಡು ಮೂರು ವರ್ಷದ್ದು, ಮರಿ ಆಗದ ಹಾಗೆ ಆಪರೇಷನ್ ಆಗಿರುವುದು. ಮರಿಯ ಸ್ವಭಾವ ಮುಂದೆ ಹೇಗೆ ತಿರುಗುತ್ತೋ ಹೇಳೋಕಾಗಲ್ಲ. ದೊಡ್ಡ ಬೆಕ್ಕಿನದು ಎದುರಿಗೇ ಕಾಣುತ್ತೆ. ಬೀದಿ ಬೆಕ್ಕುಗಳಿಗೆ ಆಸರೆ ಕೊಟ್ಟವರ ಮನೆಗೆ ಅಜ್ಜಿಯನ್ನೇ ಕರೆದುಕೊಂಡು ಹೋಗಿ, ಅರ್ಧ ಗಂಟೆ ಕೂತುಕೊಳ್ಳಿ, ಎತ್ತಿಕೊಳ್ಳಬೇಡಿ, ಯಾವುದು ತಾನಾಗಿ ಹತ್ತಿರ ಬರುತ್ತೋ ನೋಡಿ ಅಂದೆ. ರೇಬಿಸ್ ಲಸಿಕೆ ಆಗಿದೆಯಾ ಕೇಳಿ.

ಊಟದ ವಿಷಯಕ್ಕೆ ಬಂದಾಗ ಮತ್ತೆ ಗಲಾಟೆ. ಲಿಂಗಾಯತರ ಮನೆ, ಒಳಗೆ ಮೀನು ಬರುವ ಹಾಗಿಲ್ಲ. "ನಮ್ಮೂರ ಬೆಕ್ಕು ಹಾಲನ್ನ ತಿಂದೇ ಬೆಳೀತು" ಅಂದರು ಅಜ್ಜಿ. ಹಾಲನ್ನದ ಜೊತೆ ಕಣಜದ ಇಲಿಗಳನ್ನೂ ತಿಂತಿತ್ತಲ್ಲ ಅಂದೆ. ನಕ್ಕುಬಿಟ್ಟರು. ಬೆಕ್ಕಿಗೆ ಮಾಂಸದ ಅಂಶ ಬೇಕೇ ಬೇಕು, ಮೊಸರನ್ನದಲ್ಲಿ ಬದುಕಲ್ಲ. ದೊಡ್ಡ ಬೆಕ್ಕುಗಳಿಗೆ ಹಸುವಿನ ಹಾಲು ಎಷ್ಟೋ ಸಲ ಭೇದಿ ಮಾಡಿಸುತ್ತೆ. ಕೊನೆಗೆ ಪ್ಯಾಕೆಟ್ಟಿನ ಒಣ ಆಹಾರಕ್ಕೆ ಒಪ್ಪಿದರು. ತಟ್ಟೆ ಹಿತ್ತಲ ಬಾಲ್ಕನಿಯಲ್ಲಿ, ಅಡುಗೆಮನೆಯಲ್ಲಲ್ಲ. ಬಾಲ್ಕನಿಗೆ ಬಲೆ ಹಾಕಿಸುವುದು ಗಂಡನ ಪಾಲಿಗೆ, ಬೆಕ್ಕು ಹೇಲು-ಉಚ್ಚೆ ಮಾಡುವ ಮರಳಿನ ಟ್ರೇ ಸೊಸೆಯ ಪಾಲಿಗೆ. ಫಿನಾಯಿಲ್ ಹಾಕಿ ನೆಲ ಒರೆಸುವುದು ನಿಲ್ಲಿಸಿ ಅಂತಲೂ ಹೇಳಿದೆ. ಬೆಕ್ಕು ಪಾದ ನೆಕ್ಕುತ್ತೆ, ಅದು ವಿಷ.

ತ್ರಿವರ್ಣದ ಹೆಣ್ಣು ಬೆಕ್ಕೊಂದು ಬಂತು. ಅಡ್ವಾನ್ಸ್ ಮಾತ್ರ ವಾಪಸ್ ಬರಲಿಲ್ಲ.

ಎರಡು ತಿಂಗಳಾದ ಮೇಲೆ ಅಜ್ಜಿ ಮಗನ ಫೋನಿನಿಂದ ಮಾತಾಡಿದರು. "ಇದು ನನ್ನ ನೋಡ್ಕಂಡು ಮೆಲ್ಲಗೆ ಕಣ್ಣು ಮುಚ್ಚಿ ತೆಗೀತದೆ. ಕಣ್ಣಿಗೇನಾದ್ರೂ ಆಗದಾ?" ಹೆದರಿಕೆ ಇಲ್ಲ ಅಂತ ಅರ್ಥ, ನೀವೂ ಹಾಗೇ ಮಾಡಿ ಅಂದೆ. ಹಿಂದೆ ಮೊಮ್ಮಗಳು ಏನೋ ಕೂಗುತ್ತಿದ್ದಳು. ಬೆಕ್ಕು ರಾತ್ರಿಯೂ ಅಜ್ಜಿಯ ಕೋಣೆಯಲ್ಲೇ ಮಲಗುತ್ತಂತೆ, ಅವಳ ತೊಡೆ ಮೇಲೆ ಇನ್ನೂ ಒಂದು ಸಲವೂ ಕೂತಿಲ್ಲವಂತೆ. ಚೀಟಿಯಲ್ಲಿ ಅವಳು ಬರೆದಿದ್ದು ಬೆಕ್ಕಿನ ಬಗ್ಗೆ ಮಾತ್ರ ಅಲ್ಲ ಅಂತ ನನಗೆ ಆಗಲೇ ಅನ್ನಿಸಿತ್ತು. ಅವಳ ಜೊತೆ ಶನಿವಾರ ಕೂರುತ್ತೇನೆ.