ಗಾರೆ ಬೀಳುವ ಮುನ್ನ ಕೇಳಬೇಕಾದ ಪ್ರಶ್ನೆಗಳು: ಸ್ಮಾರ್ಟ್ ಮನೆ, ಟಿ.ವಿ., ಫ್ಯಾನು

ಪ್ರಶ್ನೆ: ಹಾಸನದಲ್ಲಿ ಮನೆ ಕಟ್ಟಿಸುತ್ತಿದ್ದೇವೆ. ಗೋಡೆ ಎದ್ದಿದೆ, ಇನ್ನು ವೈರಿಂಗ್ ಪೈಪು ಕೂರಿಸಬೇಕು. ಹೋಮ್ ಆಟೊಮೇಷನ್ (ದೀಪ, ಫ್ಯಾನುಗಳನ್ನು ಫೋನಿನಿಂದ ನಡೆಸುವ ವ್ಯವಸ್ಥೆ) ಮಾಡುವವರೊಬ್ಬರು ಇಡೀ ಮನೆಗೆ ದೊಡ್ಡ ಮೊತ್ತದ ದರಪಟ್ಟಿ ಕೊಟ್ಟಿದ್ದಾರೆ. ಐದಾರು ವರ್ಷಗಳಲ್ಲಿ ಇದೆಲ್ಲ ಹಳತಾಗುತ್ತದೆ ಎನ್ನುತ್ತಾನೆ ಮಗ. ಈಗ ಏನನ್ನು ಮಾಡಿಸಬೇಕು, ಏನನ್ನು ಬಿಡಬೇಕು?

ಉತ್ತರ: ಉಪಕರಣಗಳ ಮಟ್ಟಿಗೆ ನಿಮ್ಮ ಮಗನ ಮಾತು ನಿಜ. ಆದರೆ ಗೋಡೆಯೊಳಗೆ ಸೇರುವ ಪೈಪು, ತಂತಿಗಳು ಮೂವತ್ತು ವರ್ಷ ಅಲ್ಲೇ ಇರುತ್ತವೆ. ಆದ್ದರಿಂದ ದರಪಟ್ಟಿಯನ್ನು ಬದಿಗಿಟ್ಟು ಮೊದಲು ನಿಮ್ಮ ಎಲೆಕ್ಟ್ರಿಷಿಯನ್ ಜೊತೆ ಕುಳಿತು ಮಾತನಾಡಿ.

ಎಲ್ಲಕ್ಕಿಂತ ಮುಖ್ಯವಾದದ್ದು ನ್ಯೂಟ್ರಲ್ ತಂತಿ, ಎಂದರೆ ವಿದ್ಯುತ್ ಮರಳಿ ಹೋಗುವ ತಂತಿ. ಪ್ಲಗ್ ಪಾಯಿಂಟ್ ಇರುವ ಬೋರ್ಡಿಗೆ ನ್ಯೂಟ್ರಲ್ ಹೇಗೂ ಬಂದಿರುತ್ತದೆ. ಬರೀ ಸ್ವಿಚ್ಚುಗಳಿರುವ ಸಣ್ಣ ಬೋರ್ಡು, ಮೆಟ್ಟಿಲ ಬಳಿಯ ಟೂ-ವೇ ಸ್ವಿಚ್ಚು, ಮಂಚದ ಪಕ್ಕದ ಬೋರ್ಡು, ಇವುಗಳಿಗೆ ಸಾಮಾನ್ಯವಾಗಿ ಎಳೆಯುವುದಿಲ್ಲ. ಸ್ಮಾರ್ಟ್ ಸ್ವಿಚ್ಚಿನೊಳಗೆ ಸದಾ ಎಚ್ಚರವಾಗಿರುವ ಪುಟ್ಟ ರೇಡಿಯೊ ಇರುತ್ತದೆ, ದೀಪ ಆರಿದ್ದಾಗಲೂ ಅದಕ್ಕೆ ವಿದ್ಯುತ್ ಬೇಕು. ನ್ಯೂಟ್ರಲ್ ಸಿಗದಿದ್ದರೆ ಅದು ದೀಪದ ಮೂಲಕವೇ ಅಷ್ಟಿಷ್ಟು ವಿದ್ಯುತ್ತನ್ನು ಎಳೆದುಕೊಳ್ಳುತ್ತದೆ, ಪರಿಣಾಮವಾಗಿ ಆರಿಸಿದ ಎಲ್‌ಇಡಿ ದೀಪಗಳು ಮಂಕಾಗಿ ಉರಿಯುತ್ತಲೋ ಮಿಣುಕುತ್ತಲೋ ಇರುತ್ತವೆ. ಪ್ರತಿ ಬೋರ್ಡಿಗೂ ನ್ಯೂಟ್ರಲ್ ಎಳೆಯಲು ಈಗ ತಗಲುವುದು ಕೆಲವು ಸುರುಳಿ ತಂತಿಯ ಖರ್ಚು ಮಾತ್ರ. ಜೊತೆಗೆ, ಫೋನಿನ ಆದೇಶದಂತೆ ದೀಪ ಹಾಕಿ ಆರಿಸಲು ಸ್ವಿಚ್ಚಿನ ಹಿಂದೆ ಕೂರುವ ರಿಲೇ ಮಾಡ್ಯೂಲಿಗೆ ಜಾಗ ಸಿಗುವಂತೆ ಆಳವಾದ ಬಾಕ್ಸುಗಳನ್ನೇ ಹಾಕಿಸಿ. ಮುಂದೊಮ್ಮೆ ಪರದೆಗೆ ಮೋಟಾರು ಬೇಕೆನಿಸಬಹುದಾದ ಕಿಟಕಿಗಳ ಮೇಲ್ತುದಿಗೆ ಒಂದೊಂದು ಪಾಯಿಂಟನ್ನೂ ಬಿಡಿಸಿ.

ಎರಡನೆಯದಾಗಿ, ಪ್ರತಿ ಮಹಡಿಯ ಚಾವಣಿಯ ನಡುಭಾಗಕ್ಕೂ ಟಿ.ವಿ. ಗೋಡೆಗೂ ಇಂಟರ್‌ನೆಟ್ ಸಾಗಿಸುವ ಕ್ಯಾಟ್ 6 ಕೇಬಲ್ ಎಳೆಸಿ, ಅದಕ್ಕೆ ವಿದ್ಯುತ್ ತಂತಿಯಿಂದ ಬೇರೆಯಾದ ಪೈಪು ಇರಲಿ. ವೈಫೈ ಎಷ್ಟೇ ಹೊಸದಾಗಲಿ ಕಾಂಕ್ರೀಟ್ ಸ್ಲ್ಯಾಬ್ ದಾಟುವಾಗ ಸೊರಗುತ್ತದೆ, ಆದ್ದರಿಂದ ಮಹಡಿಗೊಂದು ವೈಫೈ ಪೆಟ್ಟಿಗೆಯನ್ನು ಈ ಕೇಬಲಿಗೆ ಜೋಡಿಸುವಂತಿರಬೇಕು. ವೈಫೈ 7ರ ಗರಿಷ್ಠ ವೇಗ ದೊರೆಯುವುದು 6 ಗಿಗಾಹರ್ಟ್ಸ್ ಪಟ್ಟಿಯಲ್ಲಿ, ಆ ತರಂಗಗಳಿಗಂತೂ ಗೋಡೆ ದಾಟುವುದು ಇನ್ನೂ ಕಷ್ಟ. ಕ್ಯಾಟ್ 6 ಕೇಬಲ್ 55 ಮೀಟರ್‌ವರೆಗೆ ಸೆಕೆಂಡಿಗೆ 10 ಗಿಗಾಬಿಟ್ ಒಯ್ಯಬಲ್ಲದು, ಮನೆಗೆ ಅದು ಬಹುಕಾಲ ಸಾಕು.

ಇನ್ನು ದರಪಟ್ಟಿಯ ವಿಚಾರ. ಅದರಲ್ಲಿ ನೋಡಬೇಕಾದದ್ದು ಎರಡೇ. ಉಪಕರಣಗಳು ‘ಮ್ಯಾಟರ್’ ಮಾನದಂಡವನ್ನು ಒಪ್ಪುತ್ತವೆಯೇ? ಇಂಟರ್‌ನೆಟ್ ಇಲ್ಲದಾಗಲೂ ಕೆಲಸ ಮಾಡುತ್ತವೆಯೇ? ಆಪಲ್, ಗೂಗಲ್, ಅಮೆಜಾನ್ ಮೊದಲಾದ ಕಂಪನಿಗಳು ಒಟ್ಟಾಗಿ ರೂಪಿಸಿದ ಮ್ಯಾಟರ್‌ನ ಮೊದಲ ಆವೃತ್ತಿ ಬಂದದ್ದು 2022ರ ಅಕ್ಟೋಬರಿನಲ್ಲಿ. ಮರುವರ್ಷದ ಆವೃತ್ತಿಯಲ್ಲಿ ಫ್ರಿಜ್, ಏಸಿ, ಫ್ಯಾನುಗಳೂ ಸೇರಿದವು. ಒಂದು ಕಂಪನಿಯ ಸ್ವಿಚ್ಚನ್ನು ಇನ್ನೊಂದು ಕಂಪನಿಯ ಆ್ಯಪ್‌ನಿಂದ ನಡೆಸಲು ಇದು ಅವಕಾಶ ಕೊಡುತ್ತದೆ, ಅದಕ್ಕಿಂತ ಹೆಚ್ಚಿನದೆಂದರೆ ಆದೇಶಗಳು ದೂರದ ಸರ್ವರಿಗೆ ಹೋಗಿ ಬರದೆ ಮನೆಯ ಜಾಲದೊಳಗೇ ಸಾಗುತ್ತವೆ. ಅಮೆರಿಕದಲ್ಲಿ ಇನ್‌ಸ್ಟಿಯಾನ್ ಎಂಬ ಕಂಪನಿಯ ಸರ್ವರುಗಳು 2022ರ ಏಪ್ರಿಲಿನಲ್ಲಿ ಮುನ್ಸೂಚನೆಯೇ ಇಲ್ಲದೆ ಸ್ಥಗಿತಗೊಂಡಾಗ ಅದರ ಆ್ಯಪ್ ನಂಬಿಕೊಂಡಿದ್ದ ಗ್ರಾಹಕರು ಕೈಚೆಲ್ಲಿ ಕೂರಬೇಕಾಯಿತು. ಆ್ಯಪ್ ಸತ್ತರೂ ಗೋಡೆಯ ಗುಂಡಿ ಒತ್ತಿದಾಗ ದೀಪ ಹೊತ್ತಬೇಕು. ಈ ಷರತ್ತಿಗೆ ಒಪ್ಪದವರ ದರಪಟ್ಟಿಯನ್ನು ನಾನಾದರೆ ವಾಪಸು ಕೊಡುತ್ತೇನೆ.

ಇಡೀ ಮನೆಗೆ ಒಮ್ಮೆಗೇ ಮಾಡಿಸುವ ಅಗತ್ಯವೂ ಇಲ್ಲ. ನಮ್ಮ ಊರುಗಳಲ್ಲಿ ಆಟೊಮೇಷನ್‌ನ ನಿಜವಾದ ಪ್ರಯೋಜನ ಮೊದಲು ಕಾಣುವುದು ಸಂಪಿನ ಮೋಟಾರಿನಲ್ಲಿ: ಮೇಲಿನ ಟ್ಯಾಂಕು ತುಂಬಿದಾಗ ನಿಲ್ಲುವ, ಸಂಪು ಬರಿದಾದಾಗ ಚಾಲೂ ಆಗದ ವ್ಯವಸ್ಥೆಗೆ ಇಂಟರ್‌ನೆಟ್ಟೇ ಬೇಡ. ಆದರೆ ಮೋಟಾರನ್ನು ದೀಪದ ಸ್ಮಾರ್ಟ್ ಸ್ವಿಚ್ಚಿಗೆ ನೇರವಾಗಿ ಕೊಡಬೇಡಿ. ಒಂದು ಎಚ್‌ಪಿ ಎಂದರೆ 746 ವಾಟ್, ಹೊರಡುವ ಕ್ಷಣದಲ್ಲಿ ಮೋಟಾರು ಎಳೆಯುವ ಕರೆಂಟು ಮಾಮೂಲಿನ ಹಲವು ಪಟ್ಟು, ಅದಕ್ಕೆ ಹೆಚ್ಚು ಕರೆಂಟು ತಾಳಬಲ್ಲ ದೊಡ್ಡ ಸ್ವಿಚ್ಚಾದ ಕಾಂಟ್ಯಾಕ್ಟರ್ ಬೇಕೇ ಬೇಕು. ರೂಟರಿನ ಪಾಯಿಂಟನ್ನು ಯುಪಿಎಸ್ ಲೈನಿನಲ್ಲಿ ಸೇರಿಸಲು ಮರೆಯಬೇಡಿ.

ಪ್ರಶ್ನೆ: ಹೊಸ ಟಿ.ವಿ. ಕೊಳ್ಳಬೇಕು. 8ಕೆ ಬರುವವರೆಗೆ ಕಾಯುವುದು ಒಳ್ಳೆಯದೇ? — ಓದುಗರು, ಹುಬ್ಬಳ್ಳಿ

ಉತ್ತರ: ಕಾಯಬೇಡಿ. 4ಕೆ, 8ಕೆ ಎಂಬುವು ಪರದೆಯ ಚಿತ್ರ ಎಷ್ಟು ಬಿಂದುಗಳಿಂದ ಕೂಡಿದೆ ಎಂಬುದರ ಅಳತೆ, 8ಕೆಯಲ್ಲಿ ಬಿಂದುಗಳು ಹೆಚ್ಚು. 55 ಇಂಚಿನ 4ಕೆ ಪರದೆಯ ಒಂದು ಬಿಂದುವಿನ ಅಗಲ ಸುಮಾರು 0.32 ಮಿಲಿಮೀಟರ್. ಸಾಮಾನ್ಯ ದೃಷ್ಟಿಯ ಕಣ್ಣು ಅದನ್ನು ಬಿಡಿಯಾಗಿ ಗುರುತಿಸುವುದು ಹೆಚ್ಚುಕಡಿಮೆ ಒಂದು ಮೀಟರ್ ಹತ್ತಿರ ಹೋದಾಗ. ಎಂಟು ಅಡಿ ದೂರದ ಸೋಫಾದಿಂದ 4ಕೆ, 8ಕೆಗಳ ನಡುವೆ ವ್ಯತ್ಯಾಸ ಕಾಣದು. 8ಕೆಯಲ್ಲಿ ತಯಾರಾದ ಕಾರ್ಯಕ್ರಮಗಳೂ ಹುಡುಕಿದರೆ ಸಿಗುವಷ್ಟೇ. ಅದೇ ಹಣವನ್ನು ಬೆಳಕು-ಕತ್ತಲೆಯ ಅಂತರವನ್ನು ಚೆನ್ನಾಗಿ ತೋರಿಸುವ ಒಎಲ್‌ಇಡಿ ಅಥವಾ ಮಿನಿ ಎಲ್‌ಇಡಿ ಪರದೆಗೆ ಹಾಕುವುದು ಲೇಸು. ಹಗಲಿಡೀ ಬಿಸಿಲು ಬೀಳುವ ಹಾಲ್‌ಗೆ ಎರಡನೆಯದು, ದೀಪ ಆರಿಸಿ ಸಿನಿಮಾ ನೋಡುವವರಿಗೆ ಮೊದಲನೆಯದು. ಒಂದೇ ಸುದ್ದಿವಾಹಿನಿಯನ್ನು ದಿನವಿಡೀ ಹಾಕಿಡುವ ಮನೆಗಳಲ್ಲಿ ಒಎಲ್‌ಇಡಿ ಪರದೆಯ ಮೇಲೆ ವಾಹಿನಿಯ ಲಾಂಛನದ ಅಚ್ಚು ಉಳಿಯುವ ಸಂಭವವಿದೆ ಎಂಬುದು ನೆನಪಿರಲಿ. ಸೌಂಡ್‌ಬಾರ್ ಸೇರಿಸುವ ಯೋಚನೆಯಿದ್ದರೆ ಟಿ.ವಿ.ಯಲ್ಲಿ ಇಆರ್ಕ್ (ಟಿ.ವಿ.ಯ ಧ್ವನಿಯನ್ನು ಸೌಂಡ್‌ಬಾರ್‌ಗೆ ಕಳಿಸುವ ಸೌಲಭ್ಯ) ಇರುವ ಎಚ್‌ಡಿಎಂಐ ಕಿಂಡಿ ಇದೆಯೇ ನೋಡಿ. ಕೇಬಲನ್ನು ಗೋಡೆಯೊಳಗೆ ಹೂಳುವುದಾದರೆ ಅದರ ತಲೆಯೂ ನುಸುಳುವಷ್ಟು, ಎಂದರೆ ಎರಡು ಇಂಚಿನ ಪೈಪು ಹಾಕಿಸಿ. ಎಚ್‌ಡಿಎಂಐ 2.1 ಸೆಕೆಂಡಿಗೆ 48 ಗಿಗಾಬಿಟ್ ಸಾಗಿಸುತ್ತಿತ್ತು, 2025ರಲ್ಲಿ ಪ್ರಕಟವಾದ 2.2 ಅದನ್ನು 96ಕ್ಕೆ ಏರಿಸಿದೆ. ಇಂದಿನ ಕೇಬಲನ್ನು ಎಂದಾದರೂ ಎಳೆದು ಬದಲಿಸಲೇಬೇಕಾದೀತು.

ಪ್ರಶ್ನೆ: ಬಿಎಲ್‌ಡಿಸಿ (ಕಡಿಮೆ ವಿದ್ಯುತ್ ತಿನ್ನುವ ಹೊಸ ಬಗೆಯ ಮೋಟಾರಿನ) ಫ್ಯಾನಿಗೆ ಸ್ಮಾರ್ಟ್ ರೆಗ್ಯುಲೇಟರ್ ಹಾಕಬಹುದೇ? — ಓದುಗರು, ಶಿವಮೊಗ್ಗ

ಉತ್ತರ: ಹಾಕಬಾರದು. ವೇಗವನ್ನು ನಿಯಂತ್ರಿಸುವ ಸರ್ಕಿಟ್ ಆ ಫ್ಯಾನಿನೊಳಗೇ ಇರುವುದರಿಂದ ಅದಕ್ಕೆ ತಡೆಯಿಲ್ಲದ ಪೂರ್ಣ ವಿದ್ಯುತ್ ಬೇಕು; ಹಳೆಯ ರೆಗ್ಯುಲೇಟರನ್ನೂ ತೆಗೆಸಿ ಬರೀ ಸ್ವಿಚ್ಚು ಉಳಿಸಿ. ಸುಮಾರು 75 ವಾಟ್ ತಿನ್ನುವ ಹಳೆಯ ಫ್ಯಾನಿನ ಬದಲು 30 ವಾಟ್ ಆಸುಪಾಸಿನಲ್ಲಿ ತಿರುಗುವುದರಿಂದ ಯುಪಿಎಸ್ ಬ್ಯಾಟರಿಯೂ ಹೆಚ್ಚು ಹೊತ್ತು ಬರುತ್ತದೆ. ಫೋನಿನಿಂದ ನಡೆಸಬೇಕೆಂದಿದ್ದರೆ ವೈಫೈ ಇರುವ ಫ್ಯಾನನ್ನೇ ಕೊಳ್ಳಿ. ರಿಮೋಟನ್ನು ಅನುಕರಿಸುವ ಐಆರ್ ಬ್ಲಾಸ್ಟರ್ ಅಗ್ಗವೇನೋ ಹೌದು, ಆದರೆ ಅದು ಆದೇಶವನ್ನಷ್ಟೇ ಕಳಿಸುತ್ತದೆ, ಫ್ಯಾನು ನಿಜಕ್ಕೂ ತಿರುಗುತ್ತಿದೆಯೇ ಎಂಬುದನ್ನು ತಿಳಿಸಲಾರದು.