ಮಳೆಗಾಳಿಯ ದಿನಗಳಲ್ಲಿ ಸಸಿಗಳನ್ನು ಹದಗೊಳಿಸುವುದು

ಪ್ರಶ್ನೆ: ಟ್ರೇಗಳಲ್ಲಿ ಬೆಳೆಸಿದ ಟೊಮೆಟೊ, ಬದನೆ ಮತ್ತು ಎಲೆಕೋಸಿನ ಸಸಿಗಳಿಗೆ ನಾಲ್ಕೈದು ಎಲೆಗಳು ಬಂದಿವೆ. ನಾಟಿಗೆ ಮೊದಲು ಹೊರಗಿನ ಹವೆಗೆ ಒಗ್ಗಲೆಂದು ಎರಡು ದಿನ ಬಯಲಿನಲ್ಲಿಟ್ಟೆ. ಮಳೆ ಗಾಳಿಗೆ ಕೆಲವು ಸಸಿಗಳು ಮಲಗಿದವು, ಎಲೆಗಳ ಅಂಚು ಒಣಗಿತು. ಮಳೆ ನಿಲ್ಲುವವರೆಗೆ ಒಳಗೇ ಇಡಬೇಕೆ?

ಉತ್ತರ: ಒಳಗೇ ಇಟ್ಟುಕೊಂಡು ಕಾಯುವುದು ಬೇಡ. ಟ್ರೇಯ ಸಣ್ಣ ಕುಳಿಯಲ್ಲಿ ಬೇರುಗಳು ಸುತ್ತಿಕೊಳ್ಳತೊಡಗಿದ ಮೇಲೆ ಸಸಿ ಸೊರಗುತ್ತದೆ. ಬೆಳಕು ಸಾಲದೆ ಕಾಂಡ ನೀಳವಾಗಿ ಬಡಕಲಾಗುತ್ತದೆ. ಮಳೆಯಲ್ಲಿ ನೆನೆದ ಸಸಿಯ ಎಲೆ ಒಣಗಿದ್ದು ನಿಮಗೆ ವಿಚಿತ್ರವೆನಿಸಿರಬಹುದು. ಆಶ್ರಯದಲ್ಲಿ ಬೆಳೆದ ಎಲೆಯ ಮೇಲಿನ ಮೇಣದ ಪದರ ತೆಳುವಾಗಿರುವುದರಿಂದ, ಮಳೆ ಬಿಟ್ಟ ಹೊತ್ತಿನಲ್ಲಿ ಬೀಸುವ ಗಾಳಿಯು ಬೇರು ಒದಗಿಸುವುದಕ್ಕಿಂತ ಬೇಗ ಎಲೆಯ ನೀರನ್ನು ಹೀರಿಬಿಡುತ್ತದೆ. ಅದರ ಜೊತೆಗೆ, ನೀರು ನಿಂತ ಮಣ್ಣಿನಲ್ಲಿ ಉಸಿರಾಡಲಾಗದ ಬೇರಿಗೆ ನೀರನ್ನು ಎಳೆದುಕೊಳ್ಳುವ ಶಕ್ತಿಯೂ ಕುಂದಿರುತ್ತದೆ.

ಆದ್ದರಿಂದ ಮೇಲಿನಿಂದ ಬೀಳುವ ನೀರನ್ನು ಪೂರ್ತಿಯಾಗಿ ತಡೆಯಬೇಕು, ಗಾಳಿಯನ್ನು ಮಾತ್ರ ಪೂರ್ತಿಯಾಗಿ ತಡೆಯಬಾರದು. ತಲೆಯ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಇಳಿಜಾರಾಗಿ ಬಿಗಿದು, ಗಾಳಿ ಬರುವ ದಿಕ್ಕಿಗೆ ನೆರಳು ಪರದೆ ಕಟ್ಟಿ. ತಗಡು ಅಥವಾ ಗೋಡೆಯ ಮೇಲಿಂದ ಹಾಯ್ದ ಗಾಳಿ ಹಿಂಬದಿಯಲ್ಲಿ ಸುಳಿಯಾಗಿ ಎರಗುತ್ತದೆ. ಸುಮಾರು ಅರ್ಧದಷ್ಟು ಗಾಳಿಯನ್ನು ಒಳಬಿಡುವ ಪರದೆಯಾದರೋ ಅದರ ವೇಗವನ್ನಷ್ಟೇ ತಗ್ಗಿಸುತ್ತದೆ. ಹೀಗೆ ಮೆಲುಗಾಳಿಗೆ ತೂಗಿದ ಸಸಿಯ ಕಾಂಡ ಗಿಡ್ಡವಾಗಿ, ದಪ್ಪವಾಗಿ ಬೆಳೆಯುತ್ತದೆ, ನಮಗೆ ಬೇಕಾದದ್ದೂ ಅದೇ. ನಾಲ್ಕೂ ಬದಿ ಪ್ಲಾಸ್ಟಿಕ್ ಮುಚ್ಚಿದರೆ ಈ ಲಾಭ ತಪ್ಪುವುದಲ್ಲದೆ, ಒಳಗೆ ಕಟ್ಟಿಕೊಂಡ ತೇವದಿಂದ ಬುಡ ಕೊಳೆಯುವ ರೋಗ ಬರುತ್ತದೆ. ದಿನಕ್ಕೊಮ್ಮೆ ಬಗ್ಗಿ ಮಣ್ಣಿನ ಮಟ್ಟದಲ್ಲಿ ಕಾಂಡವನ್ನು ನೋಡಿ: ಅಲ್ಲಿ ಕಂದು ಬಣ್ಣಕ್ಕೆ ತಿರುಗಿ ದಾರದಂತೆ ಸಣಕಲಾಗಿದ್ದರೆ ಆ ಸಸಿ ಉಳಿಯುವುದಿಲ್ಲ, ಅದನ್ನು ಮಣ್ಣಿನ ಸಮೇತ ತೆಗೆದುಹಾಕಿ.

ಮೊದಲ ದಿನ ಒಂದೆರಡು ಗಂಟೆ ಸಾಕು. ಬಳಿಕ ದಿನಕ್ಕೆ ಒಂದೆರಡು ಗಂಟೆ ಹೆಚ್ಚಿಸುತ್ತ 7ರಿಂದ 10 ದಿನಗಳಲ್ಲಿ ರಾತ್ರಿಯೂ ಹೊರಗಿಡುವ ಹಂತಕ್ಕೆ ಬನ್ನಿ. ಬಿರುಗಾಳಿಯ ದಿನ ಒಳಗಿಟ್ಟರೆ ನಷ್ಟವಿಲ್ಲ, ಆ ದಿನವನ್ನು ಲೆಕ್ಕಕ್ಕೆ ಹಿಡಿಯಬೇಡಿ. ಎಲೆಕೋಸು ಚಳಿಯನ್ನು ಚೆನ್ನಾಗಿ ತಾಳುತ್ತದೆ. ಟೊಮೆಟೊ ಮತ್ತು ಬದನೆಯನ್ನು ಉಷ್ಣತೆ 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯುವ ರಾತ್ರಿಗಳಲ್ಲಿ ಒಳಗೆ ತನ್ನಿ. ಟ್ರೇಗಳನ್ನು ನೆಲಕ್ಕೆ ತಾಗಿಸದೆ ಇಟ್ಟಿಗೆಗಳ ಮೇಲಿಟ್ಟರೆ ನೀರು ಬಸಿದುಹೋಗುತ್ತದೆ. ನೀರುಣಿಸುವ ಮುನ್ನ ಟ್ರೇಯನ್ನು ಎತ್ತಿ ನೋಡಿ, ಹಗುರವೆನಿಸಿದಾಗ ಮಾತ್ರ ನೀರು ಕೊಡಿ. ಈ ದಿನಗಳಲ್ಲಿ ಯೂರಿಯಾ ಬೇಡವೇ ಬೇಡ, ಅದರಿಂದ ಬರುವ ಎಳಸು ಚಿಗುರು ಗಾಳಿಯನ್ನು ತಡೆಯುವುದಿಲ್ಲ.

ಹಲವರು ಮರೆಯುವ ವಿಷಯವೊಂದಿದೆ. ಮೋಡದಡಿ ಹದಗೊಂಡ ಸಸಿ ಗಾಳಿಗೆ ಒಗ್ಗಿರುತ್ತದೆಯೇ ಹೊರತು ಬಿಸಿಲಿಗಲ್ಲ. ನಾಟಿಯಾದ ಮರುದಿನವೇ ಆಕಾಶ ತೆರವಾದರೆ ಎಲೆಗಳ ಮೇಲೆ ಬಿಳಿಚಿದ ಕಲೆಗಳು ಮೂಡುತ್ತವೆ. ಆದ್ದರಿಂದ ಸಂಜೆ ನಾಟಿ ಮಾಡಿ, ಅದೇ ನೆರಳು ಪರದೆಯನ್ನು ಮಡಿಯ ಮೇಲೆ ಎರಡು ಮೂರು ದಿನ ಹರಡಿ. ಮಡಿಯ ಮಣ್ಣನ್ನು ಮುಷ್ಟಿಯಲ್ಲಿ ಹಿಂಡಿದಾಗ ನೀರು ಒಸರುತ್ತಿದ್ದರೆ ನಾಟಿಯನ್ನು ಇನ್ನೂ ಒಂದೆರಡು ದಿನ ಮುಂದೂಡಿ.